ನಡುಮನೆ ದಾಟುವ ಕುದುರೆಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಡುಮನೆಯ ಮಂಚದ ಮೇಲೆ ಅಜ್ಜಿ ಮಲಗಿದ್ದಾರೆ. ಹಿಂಬಾಗಿಲು ತೆರೆದ ಸದ್ದಾಗುತ್ತದೆ. ಅಜ್ಜಿ ಕಣ್ಣು ಬಿಡದೆಯೇ ಮಂಚದಾಚೆ ಚಾಚಿದ್ದ ಕಾಲನ್ನು ಒಳಗೆಳೆದುಕೊಳ್ಳುತ್ತಾರೆ. ಮರುಕ್ಷಣ ಅಡುಗೆಮನೆ ಪಕ್ಕದ ಸಂದಿಯಿಂದ ಒಂದು ಉದ್ದ ಮುಖ ಇಣುಕುತ್ತದೆ, ಆಮೇಲೆ ಕತ್ತು, ಆಮೇಲೆ ಬರುತ್ತಲೇ ಇರುವ, ಮುಗಿಯುವುದೇ ಇಲ್ಲವೇನೋ ಅನ್ನಿಸುವ ಒಂದು ಮೈ. ಟೀವಿಗೂ ಕಪಾಟಿಗೂ ನಡುವೆ ಹಾಸಿದ ರಬ್ಬರ್ ಚಾಪೆಯ ಮೇಲೆ ಹೆಜ್ಜೆಯಿಡುತ್ತಾ ಕಂದು ಬಣ್ಣದ ಕುದುರೆಯೊಂದು ಮುಂಬಾಗಿಲಿನತ್ತ ನಡೆಯುತ್ತಿದೆ. ಈ ಮನೆಯ ಬಗ್ಗೆ ಬರೆಯಲೆಂದು ಬಂದು ಗೋಡೆಗೆ ಅಂಟಿಕೊಂಡು ನಿಂತ ನನ್ನ ಜೀವ ಬಾಯಿಗೆ ಬಂದಿದೆ.

“ಹೊಟ್ಟೆ ಒಳಗೆ ಎಳ್ಕೊಳ್ಳಿ ಸಾರ್, ಅಷ್ಟೇ ಸಾಕು. ಅವನೇನೂ ಮಾಡಲ್ಲ,” ಎನ್ನುತ್ತಾರೆ ಹಗ್ಗ ಹಿಡಿದು ಮುಂದೆ ಹೋಗುತ್ತಿರುವ ಹೆಂಗಸು. ಬೀದಿಯವರೆಲ್ಲ ಅವರನ್ನು ಕುದುರೆ ಅಕ್ಕ ಅಂತಲೇ ಕರೆಯುವುದು. ಸಣ್ಣ ಆಳು, ಕುದುರೆಯ ಭುಜಕ್ಕೂ ಎಟುಕುವುದಿಲ್ಲ. ಮಧ್ಯಾಹ್ನದಿಂದ ರಾತ್ರಿಯವರೆಗೆ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ. ಉಳಿದ ಹೊತ್ತೆಲ್ಲ ಮನೆಯ ಹಿತ್ತಲಲ್ಲಿ, ಬೇರೆ ಯಾರಿಗೂ ಬೇಡವಾದ ನಾಲ್ಕು ಕುದುರೆಗಳ ಚಾಕರಿ.

ಮನೆಯೊಳಗೇ ಏಕೆ ಈ ಮೆರವಣಿಗೆ ಅಂದರೆ, ಬೇರೆ ದಾರಿಯಿಲ್ಲ. ಮನೆಯ ಪಕ್ಕದ ಗಲ್ಲಿಯಲ್ಲಿ ಬೆಕ್ಕು ನುಸುಳಬಹುದು, ತೆಳ್ಳಗಿದ್ದರೆ ನಾವೂ ನುಸುಳಬಹುದು. ಕುದುರೆಗಂತೂ ಸಾಧ್ಯವಿಲ್ಲ. ವಾಹನಗಳು ಏಳುವ ಮೊದಲೇ ಅವನ್ನು ಮುಚ್ಚಿದ ಗಿರಣಿಯ ಹಿಂದಿನ ಬಯಲಿಗೆ ಕರೆದೊಯ್ದು ಅಡ್ಡಾಡಿಸಬೇಕು. ಇಲ್ಲದಿದ್ದರೆ ಕಾಲು ಹಿಡಿದುಕೊಳ್ಳುತ್ತದೆ, ಹೊಟ್ಟೆ ಕಟ್ಟುತ್ತದೆ. ಹಾಗಾಗಿ ದಿನಾ ನಾಲ್ಕು ಕುದುರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಡುಮನೆ ದಾಟುತ್ತವೆ. ಅಕ್ಕನ ಯಜಮಾನರು ಕುಶನ್ ಕೆಲಸದವರು. ಊರವರ ಸೋಫಾಗಳಿಗೆಲ್ಲ ಸ್ಪಂಜು ತುಂಬಿ ಬಟ್ಟೆ ಹೊಲಿಯುವ ಈ ಮನುಷ್ಯನ ಮನೆಯಲ್ಲಿ ಒಂದು ಸೋಫಾ ಇಲ್ಲ.

“ಹಾಕಿದ್ರೆ ಅವರು ಎಲ್ಲಿ ಹೋಗ್ಬೇಕು?” ಎಂದು ಅವರೇ ನನ್ನನ್ನು ಕೇಳುತ್ತಾರೆ. ‘ಅವರು’ ಅಂದರೆ ಕುದುರೆಗಳು.

ಕಂದು ಕುದುರೆಯ ಹೆಸರು ಮೇಷ್ಟ್ರು. ಎಲ್ಲರನ್ನೂ ಕೊಂಚ ಬೇಸರದಿಂದ ದಿಟ್ಟಿಸಿ ನೋಡುವ ಅದರ ಚಾಳಿಗೆ ಆ ಹೆಸರು. ಹಿಂದೆ ಬರುವವನು ಗೊಣಗಪ್ಪ, ಉಬ್ಬಸದ ರೋಗಿ, ಹೆಜ್ಜೆಹೆಜ್ಜೆಗೂ ಗೊರಗೊರ. ಮೂರನೆಯದು ಕುಳ್ಳಿ ಪುಟ್ಟಿ. ಬಾಗಿಲ ಚಿಲಕ ತೆಗೆಯುವ ವಿದ್ಯೆ ಕಲಿತುಬಿಟ್ಟು ಪಕ್ಕದ ಮನೆಯ ಹಗ್ಗದಿಂದ ಎರಡು ಅಂಗಿ, ಒಂದು ದಿಂಬಿನ ಚೀಲ ತಿಂದವಳು. ಕೊನೆಗೆ ಬರುವವಳು ದೊರೆಸಾನಿ. ಬೂದು ಮೈ, ಎತ್ತಿದ ಕತ್ತು. ನಡುಮನೆಗೆ ಬಂದವಳೇ ನಿಲ್ಲುತ್ತಾಳೆ. ಅಕ್ಕ ಹಗ್ಗ ಎಳೆಯುವುದಿಲ್ಲ. “ಆಯ್ತು ಕಣಮ್ಮ, ನಿಂಗೆ ಬೇಕಾದಾಗ ನಡಿ,” ಎಂದು ಹಣೆ ಸವರುತ್ತಾ ಕಾಯುತ್ತಾರೆ. ದೊರೆಸಾನಿಗೆ ಮನಸ್ಸು ಬಂದಾಗ ಹೊರಡುತ್ತಾಳೆ. ಹೊರಡುವ ಮುನ್ನ ಚಾಪೆಯ ಮೇಲೆ ಬಿಸಿಬಿಸಿ ಲದ್ದಿ ಬೀಳುತ್ತದೆ.

“ನೋಡೇ, ನಿನ್ನ ನೆಂಟಳು ಕಾಣಿಕೆ ಇಟ್ಟು ಹೋದ್ಲು,” ಎನ್ನುತ್ತಾ ಅಜ್ಜಿ ಮಂಚದಡಿಯಿಂದ ಮೊರದಂಥ ಸಲಿಕೆ ತೆಗೆಯುತ್ತಾರೆ. ಅಜ್ಜಿ ಅಂದರೆ ಅಕ್ಕನ ಅತ್ತೆ. ಈ ಕುದುರೆ ಸಂಸಾರಕ್ಕೆ ತಮ್ಮ ಒಪ್ಪಿಗೆಯೇ ಇಲ್ಲವೆಂದು, ನಾನು ಬಂದಾಗಿನಿಂದ ನನಗೆ ಮೂರು ಸಲ ಹೇಳಿದ್ದಾರೆ, ಪ್ರತಿ ಸಲವೂ ಯಾವುದಾದರೊಂದು ಕುದುರೆಗೆ ಏನಾದರೂ ತಿನ್ನಿಸುತ್ತಲೇ.

ಇದೆಲ್ಲ ಶುರುವಾದದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಸೊಂಟ ಮುರಿದುಕೊಂಡು ಸೇರಿದ್ದ ಗಾಡಿಯವನೊಬ್ಬ ಊಟ ಮುಟ್ಟುತ್ತಿರಲಿಲ್ಲ. ಅಕ್ಕ ಗದರಿದ್ದಕ್ಕೆ, “ನನ್ನ ಕುದುರೆ ಉಪವಾಸ ಇದ್ದಾನಮ್ಮ, ನಾನು ಹೆಂಗೆ ತಿನ್ಲಿ?” ಎಂದನಂತೆ. ಕೆಲಸ ಮುಗಿಸಿಕೊಂಡು ಅವನ ಕೊಟ್ಟಿಗೆ ಹುಡುಕಿ ಹೋದರು. “ಎರಡು ದಿನ ಅಂತ ತಂದೆ ಸಾರ್. ಅತ್ತೆಗೂ ಹಾಗೇ ಹೇಳ್ದೆ.” ಗಾಡಿಯವನು ವಾಸಿಯಾಗಿ ಮಗಳ ಮನೆಯ ಎರಡನೇ ಮಹಡಿಗೆ ಹೋದ. ಮೇಷ್ಟ್ರು ಇಲ್ಲೇ ಉಳಿದ. ಹನ್ನೊಂದು ವರ್ಷವಾಯಿತು.

“ಆ ಎರಡು ದಿನ ಇನ್ನೂ ಮುಗಿದಿಲ್ಲ,” ಎಂದು ಅಜ್ಜಿ ಮೂಗು ಮುರಿಯುತ್ತಾರೆ.

ಬಯಲಿನಿಂದ ವಾಪಸಾದ ಮೇಲೆ ನಿಜವಾದ ಕೆಲಸ ಶುರು. ಹಿತ್ತಲನ್ನು ಅಕ್ಕ ವಾರ್ಡ್ ಎನ್ನುತ್ತಾರೆ. ನಾಲ್ಕು ಅಂಕಣ, ತಗಡಿನ ಮಾಡು, ನೆಲಕ್ಕೆ ಮರದ ಹೊಟ್ಟು. ಮೇಷ್ಟ್ರಿಗೆ ಹಲ್ಲಿಲ್ಲ, ಅವನ ಮೇವು ನೆನೆಸಿ ಗಂಜಿಯ ಹಾಗೆ ಮಾಡಬೇಕು. ಗೊಣಗಪ್ಪನ ಹುಲ್ಲಿನಲ್ಲಿ ಧೂಳು ಇರಕೂಡದು, ಒದ್ದೆ ಮಾಡಿ ಕೊಡಬೇಕು. ಒಂದೊಂದು ಕುದುರೆಯ ನಾಲ್ಕು ಗೊರಸುಗಳನ್ನೂ ಎತ್ತಿ, ತೊಡೆಯ ಮೇಲಿಟ್ಟುಕೊಂಡು, ಒಳಗೆ ಸಿಕ್ಕಿದ ಕಲ್ಲು ಕೆಸರು ಕೆದಕಬೇಕು. ನಲ್ಲಿಯಲ್ಲಿ ನೀರು ನಿಲ್ಲುವ ಮೊದಲೇ ಡ್ರಮ್ಮು ತುಂಬಬೇಕು. ಲದ್ದಿಯನ್ನು ಚೀಲಕ್ಕೆ ತುಂಬಿ ಗಿಡ ಬೆಳೆಸುವವರಿಗೆ ಹಂಚಬೇಕು. ಇಲ್ಲದಿದ್ದರೆ ನೊಣ ಬಂತು ಎಂದು ಮಹಡಿ ಮನೆಯವರು ಕಿಟಕಿಯಿಂದಲೇ ಕೂಗುತ್ತಾರೆ. ನಾನೂ ಒಂದು ಚೀಲ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಕೂತೆ. ಅಕ್ಕ ಸೌಜನ್ಯಕ್ಕೆ ನಗಲಿಲ್ಲ. ಅಜ್ಜಿಗೆ ಅಂಥ ಸೌಜನ್ಯವೇನೂ ಇಲ್ಲ.

ದೊರೆಸಾನಿ ಬಂದದ್ದು ಎರಡು ವರ್ಷದ ಹಿಂದೆ. ಉದ್ಯಾನವೊಂದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುತ್ತಿದ್ದವಳು. ಗೊರಸಿನೊಳಗೆ ಊತ ಬಂದು ನೆಲಕ್ಕೆ ಕಾಲೂರಲಾಗದೆ ನಿಂತಾಗ ಮಾಲೀಕ ಕೈಬಿಟ್ಟ. ಗಟ್ಟಿ ನೆಲ ಅವಳಿಗೆ ಕೆಂಡವಾಗಿತ್ತು. ಆಗ ಯಜಮಾನರು ಅಂಗಡಿಯಿಂದ ಸೋಫಾದ ಸ್ಪಂಜು ತಂದು, ಗೊರಸಿನ ಅಳತೆಗೆ ಕತ್ತರಿಸಿ, ಮೇಲೆ ರೆಕ್ಸಿನ್ ಹೊಲಿದು ನಾಲ್ಕು ಬೂಟು ಮಾಡಿದರು. ವಾರ ಕಳೆಯುವಷ್ಟರಲ್ಲಿ ಸ್ಪಂಜು ಅಪ್ಪಚ್ಚಿಯಾಗುತ್ತಿತ್ತು, ಮತ್ತೆ ಹೊಸದು. “ನನ್ನ ಗಿರಾಕಿಗಳಲ್ಲಿ ಇವಳಷ್ಟು ತಕರಾರು ಯಾರೂ ಮಾಡಿಲ್ಲ. ಬಣ್ಣ ಒಂದು ಕೇಳ್ಲಿಲ್ಲ, ಅಷ್ಟೇ,” ಎನ್ನುತ್ತಾರೆ ಯಜಮಾನರು. ಈಗ ಅವಳಿಗೆ ಬೂಟು ಬೇಡ. ಬಯಲಿನಲ್ಲಿ ಓಡುತ್ತಾಳೆ.

ಸಮಸ್ಯೆ ಇರುವುದೂ ಅಲ್ಲೇ. ವಾಸಿಯಾದವರು ಒಳ್ಳೆಯ ಮನೆ ನೋಡಿಕೊಂಡು ಹೋಗಬೇಕು, ಹಾಸಿಗೆ ಇನ್ನೊಬ್ಬ ರೋಗಿಗೆ ಸಿಗಬೇಕು. ಇದು ಅಕ್ಕನೇ ಮಾಡಿದ ಕಾನೂನು. ಆರು ಕುದುರೆಗಳನ್ನು ಹೀಗೆ ಕಳಿಸಿಯೂ ಇದ್ದಾರೆ. ದೊರೆಸಾನಿಯ ಸರದಿ ಬಂದಾಗ ಮಾತ್ರ ಕಾನೂನಿಗೆ ಕಿವುಡು ಬಂದಿದೆ. ಕೇಳಿಕೊಂಡು ಬಂದ ಮೊದಲನೆಯವರ ಹೊಲಕ್ಕೆ ಮುಳ್ಳುತಂತಿ ಬೇಲಿ ಇತ್ತು, ಸರಿ, ಒಪ್ಪೋಣ. ಎರಡನೆಯವರ ದನಿ ಜೋರಾಯಿತಂತೆ. ಮೂರನೆಯವರ ಕೈಗಡಿಯಾರ ತುಂಬಾ ಹೊಳೆಯುತ್ತಿತ್ತಂತೆ, ಕುದುರೆಯ ಕಣ್ಣಿಗೆ ಹೊಡೆಯುತ್ತದಂತೆ! ಬಂದವರ ಮುಂದೆಲ್ಲ ಅಕ್ಕ ಆ ಬಡಪಾಯಿಯ ಮೇಲೆ ಇಲ್ಲದ ಚಾಡಿ ಹೇಳುತ್ತಾರೆ. ಕಚ್ಚುತ್ತಾಳೆ, ಒದೆಯುತ್ತಾಳೆ, ರಾತ್ರಿಯೆಲ್ಲ ಕೆಮ್ಮುತ್ತಾಳೆ.

“ನನ್ನ ಸ್ವಂತ ಮಗಳಿಗೇ ನಾನು ಇಷ್ಟು ಗಂಡು ಬೇಡ ಅಂದಿರ್ಲಿಲ್ಲ ಕಣಪ್ಪ,” ಎನ್ನುತ್ತಾರೆ ಅಜ್ಜಿ.

ನಾನು ಇಲ್ಲಿಗೆ ಬಂದ ಶನಿವಾರವೇ ಡಾಕ್ಟರಮ್ಮ ಬರುತ್ತಾರೆ. ಈ ಕುದುರೆಗಳನ್ನು ನೋಡುವ ಪಶುವೈದ್ಯೆ, ಅಕ್ಕನಿಗಿಂತ ಚಿಕ್ಕ ವಯಸ್ಸು, ಮಾತು ಖಡಕ್ಕು. ದೊರೆಸಾನಿಯ ಗೊರಸುಗಳನ್ನು ತಟ್ಟಿ ನೋಡಿ ಎದ್ದು ನಿಂತವರು ನೇರ ವಿಷಯಕ್ಕೆ ಬರುತ್ತಾರೆ. ಪೇಟೆಯಾಚೆಯ ಇಟ್ಟಿಗೆ ಗೂಡಿನಲ್ಲಿ ಒಂದು ಗಾಡಿ ಕುದುರೆ ಇದೆ. ಒಂದು ಕಣ್ಣು ಹೋಗಿದೆ, ಬೆನ್ನ ತುಂಬ ಹುಣ್ಣು. ನಾಳೆ ಸಂಜೆ ಕಸಾಯಿಖಾನೆಯ ಲಾರಿ ಬರುತ್ತದೆ. ಅದಕ್ಕೆ ಮೊದಲು ಯಾರಾದರೂ ಒಯ್ಯುವುದಾದರೆ ಬಿಟ್ಟುಕೊಡುತ್ತೇನೆ ಎಂದಿದ್ದಾನೆ ಗೂಡಿನವನು.

“ತಂದ್ಬಿಡೋಣ,” ಎನ್ನುತ್ತಾರೆ ಅಕ್ಕ ತಕ್ಷಣ.

“ಎಲ್ಲಿಗೆ?”

ಅಕ್ಕ ತುಂಬಿದ ನಾಲ್ಕು ಅಂಕಣಗಳನ್ನೂ ಒಂದೊಂದಾಗಿ ನೋಡುತ್ತಾರೆ. ಒಮ್ಮೆ ಅವರು ಐದನೆಯದನ್ನು ಕರೆತಂದಿದ್ದರು. ಒತ್ತೊತ್ತಾಗಿ ಕಟ್ಟಿದ ಕುದುರೆಗಳಲ್ಲಿ ಕೆಮ್ಮು ಹಬ್ಬಿತು. ಒಂದು ಮರಿಕುದುರೆ ಅಕ್ಕನ ಮಡಿಲಲ್ಲೇ ತಲೆಯಿಟ್ಟು ಹೋಯಿತು. ಅದನ್ನು ನನಗೆ ಹೇಳುವಾಗ ಅವರು ಪೊರಕೆ ಬಿಟ್ಟು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದರು. ಅಂದಿನಿಂದ ನಾಲ್ಕೆಂದರೆ ನಾಲ್ಕೇ.

“ಹೂಗಿಡಗಳ ನರ್ಸರಿಯವರು ನಾಳೆ ದೊರೆಸಾನಿನ ನೋಡಕ್ಕೆ ಬರ್ತಾರೆ. ನಾನೇ ಕಳಿಸ್ತಿದ್ದೀನಿ. ನೀವು ಅವರ ಹತ್ರ ಏನು ಹೇಳ್ತೀರೋ ನಿಮಗೆ ಬಿಟ್ಟಿದ್ದು,” ಎಂದು ಡಾಕ್ಟರಮ್ಮ ಚೀಲ ಹೆಗಲಿಗೇರಿಸುತ್ತಾರೆ. ಬಾಗಿಲ ಬಳಿ ನಿಂತು ದನಿ ತಗ್ಗಿಸುತ್ತಾರೆ. “ಅಕ್ಕಾ, ನಿಮ್ಮ ವಾರ್ಡಲ್ಲಿ ಹುಷಾರಾದವರು ಹಾಸಿಗೆ ಬಿಡದೆ ಮಲಗಿದ್ರೆ ನೀವು ಸುಮ್ನಿರ್ತೀರಾ?”

ಅಂದು ಮಧ್ಯಾಹ್ನದವರೆಗೂ ಅಕ್ಕ ದೊರೆಸಾನಿಯ ಮೈ ಉಜ್ಜುತ್ತಾರೆ, ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಾರೆ. ಯಜಮಾನರು ಒಂದು ಲೋಟ ಟೀ ತಂದು ಪಕ್ಕದಲ್ಲಿಟ್ಟು ಹೋಗುತ್ತಾರೆ. ಅದು ಹಾಗೇ ಆರುತ್ತದೆ.

ಭಾನುವಾರ ಬೆಳಗ್ಗೆ ನರ್ಸರಿಯವರು ಬರುತ್ತಾರೆ. ಅರವತ್ತು ದಾಟಿದವರು, ಉಗುರಿನಲ್ಲಿ ಮಣ್ಣು, ಕೈಯಲ್ಲಿ ಗಡಿಯಾರವಿಲ್ಲ. ಅಕ್ಕ ಅವರ ಕೈ ನೋಡಿದ್ದನ್ನು ನಾನು ನೋಡಿದೆ.

“ಸವಾರಿಗಾ?” ಎಂದು ಅಕ್ಕ ಕೇಳುತ್ತಾರೆ.

“ಅಯ್ಯೋ, ನಂಗೆ ಬೆನ್ನುನೋವು. ಸುಮ್ನೆ ಇರ್ಲಿ ಅಷ್ಟೇ. ನಮ್ಮಲ್ಲೊಬ್ಬ ಮುದುಕ ಇದ್ದಾನೆ, ಜೊತೆಯವನು ಹೋಗ್ಬಿಟ್ಟ. ಈಗ ದಿನಾ ಗೋಡೆ ಕಡೆ ಮುಖ ಮಾಡ್ಕೊಂಡು ನಿಲ್ತಾನೆ. ನೋಡಕ್ಕಾಗಲ್ಲ.”

“ಬೇಲಿ?”

“ಮರದ್ದು. ನಾನೇ ಹಾಕಿದ್ದು.”

ಅಕ್ಕ ದೊರೆಸಾನಿಯ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. “ನೋಡಿ, ಮೊದ್ಲೇ ಹೇಳ್ಬಿಡ್ತೀನಿ. ಇವಳು ಕಚ್ತಾಳೆ.”

“ಸುಳ್ಳು!” ಹಿಂಬಾಗಿಲಿನಿಂದ ಅಜ್ಜಿಯ ದನಿ. “ನನ್ನನ್ನೇ ಕಚ್ಚಿಲ್ಲ. ದಿನಾ ಅದಕ್ಕೆ ಅಷ್ಟು ಬೈತೀನಿ ನಾನು, ಒಂದು ಸಲ ಹಲ್ಲು ತೋರಿಸಿಲ್ಲ. ಚಿನ್ನದಂಥದ್ದು ಕಣಪ್ಪ ಅದು. ಇವಳು ಹೊಟ್ಟೆಸಂಕಟಕ್ಕೆ ಹೇಳ್ತಿದಾಳೆ.” ಅಷ್ಟು ಹೇಳಿ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಒಳಗೆ ಹೋಗಿಬಿಡುತ್ತಾರೆ.

ಆಮೇಲೆ ಅಕ್ಕ ದೊರೆಸಾನಿಯ ಕತ್ತಿನ ಮೇಲೆ ಕೈಯಿಟ್ಟು ಹೇಳಲು ಶುರು ಮಾಡುತ್ತಾರೆ, ನರ್ಸರಿಯವರ ಮುಖ ನೋಡದೆ. “ತಣ್ಣೀರು ಕುಡಿಯಲ್ಲ, ಬಿಸಿಲಲ್ಲಿಟ್ಟು ಕೊಡಿ. ಛತ್ರಿ ಬಿಚ್ಚಿದ್ರೆ ಹೆದರ್ತಾಳೆ. ಎಡಗಿವಿ ಮುಟ್ಟಬೇಡಿ, ಬಲಗಿವಿ ಹಿಂದೆ ಕೆರೆದ್ರೆ ನಿದ್ದೆ ಮಾಡ್ಬಿಡ್ತಾಳೆ. ಹೊಸ ಹುಲ್ಲು ಚಿಗುರಿದಾಗ ಜಾಸ್ತಿ ಮೇಯಕ್ಕೆ ಬಿಡ್ಬೇಡಿ, ಮತ್ತೆ ಗೊರಸು ಊದುತ್ತೆ. ನಿಂತ್ರೆ ಎಳೀಬೇಡಿ. ಸುಮ್ನೆ ಪಕ್ಕದಲ್ಲಿ ನಿಂತ್ಕೊಳ್ಳಿ, ಅವಳೇ ಬರ್ತಾಳೆ.”

ನರ್ಸರಿಯವರು ಪ್ರತಿಯೊಂದಕ್ಕೂ ತಲೆಯಾಡಿಸುತ್ತಾರೆ. ಕೊನೆಗೆ ಒಂದೇ ಪ್ರಶ್ನೆ: “ಯಾವ ಕಿವಿ ಅಂದ್ರಿ?”

“ಬಲಗಿವಿ.”

ಅವರು ಬಲಗಿವಿಯ ಹಿಂದೆ ಮೆಲ್ಲಗೆ ಕೆರೆಯುತ್ತಾರೆ. ದೊರೆಸಾನಿಯ ಕೆಳದುಟಿ ಜೋತು ಬೀಳುತ್ತದೆ. ಅಕ್ಕ ಹಗ್ಗವನ್ನು ಅವರ ಕೈಗೆ ಕೊಟ್ಟುಬಿಡುತ್ತಾರೆ.

ಡಾಕ್ಟರಮ್ಮ ಏರ್ಪಾಡು ಮಾಡಿದ ವ್ಯಾನು ಬೀದಿಯಲ್ಲಿ ನಿಂತಿದೆ. ದೊರೆಸಾನಿ ನಡುಮನೆಗೆ ಬಂದು ಎಂದಿನಂತೆ ನಿಲ್ಲುತ್ತಾಳೆ. ನರ್ಸರಿಯವರು ಎಳೆಯುವುದಿಲ್ಲ, ಪಕ್ಕದಲ್ಲಿ ನಿಂತು ಗೋಡೆ ನೋಡುತ್ತಾ ಕಾಯುತ್ತಾರೆ. ಅವಳು ಹೊರಡುತ್ತಾಳೆ. ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಹಲಗೆ ಹತ್ತಿ ವ್ಯಾನಿನೊಳಗೆ ನೇರ ಹೋಗಿ ಹುಲ್ಲಿಗೆ ಬಾಯಿ ಹಾಕುತ್ತಾಳೆ. ಎರಡು ವರ್ಷ ಸಾಕಿದವರು ಬಾಗಿಲಲ್ಲಿ ನಿಂತಿದ್ದಾರೆ. ಒಮ್ಮೆಯಾದರೂ ಇತ್ತ ತಿರುಗಬಾರದೇ? ಯಜಮಾನರು ವ್ಯಾನಿನ ಸೀಟಿನಲ್ಲಿ ನಾಲ್ಕು ರೆಕ್ಸಿನ್ ಬೂಟುಗಳನ್ನಿಡುತ್ತಾರೆ, ಹೊಚ್ಚ ಹೊಸವು. “ಇರ್ಲಿ, ಬೇಕಾಗಬಹುದು,” ಎನ್ನುತ್ತಾರೆ ಯಾರಿಗೂ ಅಲ್ಲದಂತೆ.

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಅಕ್ಕ ಖಾಲಿ ಅಂಕಣದ ಹಳೆಯ ಹೊಟ್ಟನ್ನೆಲ್ಲ ಬಳಿದು ಹೊಸದು ಹರಡುತ್ತಾರೆ. ಅಳುತ್ತಾರೆ, ಹರಡುತ್ತಾರೆ. ಯಾರೂ ಸಮಾಧಾನ ಹೇಳಲು ಹೋಗುವುದಿಲ್ಲ. ನಾನೊಬ್ಬ ಪೆದ್ದ ಬಾಯಿ ತೆರೆಯಲು ಹೊರಟಿದ್ದೆ, ಅಜ್ಜಿ ಕಣ್ಣು ಕೆಕ್ಕರಿಸಿದರು, ಬಾಯಿ ಮುಚ್ಚಿದೆ.

ಇಟ್ಟಿಗೆ ಗೂಡಿಗೆ ಹೋದ ಡಾಕ್ಟರಮ್ಮನಿಂದ ಮಧ್ಯಾಹ್ನವಾದರೂ ಸುದ್ದಿಯಿಲ್ಲ. ದೊರೆಸಾನಿಯನ್ನು ಇಳಿಸಿದ ವ್ಯಾನೇ ಅಲ್ಲಿಗೂ ಹೋಗಬೇಕು. ಲಾರಿ ಮೊದಲೇ ಬಂದುಬಿಟ್ಟಿದ್ದರೆ? ಅಕ್ಕ ಆಸ್ಪತ್ರೆಗೆ ರಜೆ ಹೇಳಿ ಬಾಗಿಲಲ್ಲೇ ಕೂತಿದ್ದಾರೆ. ಕಳಿಸಿದ್ದೂ ದಂಡವಾಯಿತೇನೋ ಎಂಬ ಭಯ ಅವರ ಮುಖದಲ್ಲಿ ಎದ್ದು ಕಾಣುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ವ್ಯಾನಿನ ಸದ್ದು. ಡಾಕ್ಟರಮ್ಮ ಮುಂದಿನ ಸೀಟಿನಿಂದಲೇ ಹೆಬ್ಬೆರಳೆತ್ತಿ ತೋರಿಸುತ್ತಾರೆ. ಯಜಮಾನರು ಓಡಿಹೋಗಿ ವ್ಯಾನಿನ ಹಲಗೆ ಇಳಿಸುತ್ತಾರೆ.

ಕಪ್ಪು ಕುದುರೆ. ಎಣಿಸಬಹುದಾದ ಪಕ್ಕೆಲುಬುಗಳು. ಬೆನ್ನಿಗೆ ಡಾಕ್ಟರಮ್ಮ ಹಚ್ಚಿದ ಮುಲಾಮು ಹೊಳೆಯುತ್ತಿದೆ. ಅಕ್ಕ ಹಗ್ಗ ಹಿಡಿದು, ಕಾಣುವ ಕಣ್ಣಿನ ಕಡೆ ನಿಂತು, ಏನೇನೋ ಪಿಸುಗುಡುತ್ತಾ ಮೆಟ್ಟಿಲು ಹತ್ತಿಸುತ್ತಾರೆ. ನಡುಮನೆಯಲ್ಲಿ ಅದು ಒಂದು ಹೆಜ್ಜೆ ಇಡುತ್ತದೆ, ಕತ್ತು ಹೊರಳಿಸಿ ಹಿಂದೆ ನೋಡುತ್ತದೆ. ಇನ್ನೊಂದು ಹೆಜ್ಜೆ, ಮತ್ತೆ ಹಿಂದೆ ನೋಡುತ್ತದೆ. ಅಜ್ಜಿ ಮಂಚದ ಮೇಲೆ ಕಾಲು ಮಡಚಿಕೊಂಡು ಉಸಿರು ಬಿಗಿಹಿಡಿದು ಕೂತಿದ್ದಾರೆ. ಹತ್ತು ಹೆಜ್ಜೆಯ ದಾರಿ ಮುಗಿಯುವುದೇ ಇಲ್ಲ.

“ಯಾಕೆ ಹಾಗೆ ನೋಡ್ತಾನೆ?” ಎಂದು ನಾನು ಕೇಳುತ್ತೇನೆ.

“ಹಿಂದಿನಿಂದ ಏಟು ಬೀಳುತ್ತೆ ಅಂತ,” ಎನ್ನುತ್ತಾರೆ ಅಕ್ಕ. “ದೊರೆಸಾನಿನೂ ಬಂದ ದಿನ ಹೀಗೇ ಮಾಡಿದ್ಲು. ಎಷ್ಟೋ ತಿಂಗಳು ಹೀಗೇ ಇದ್ಲು.” ಅವರು ಕರಿಯ ಕತ್ತನ್ನು ಸವರುತ್ತಾರೆ. ಆಮೇಲೆ ನನ್ನತ್ತ ತಿರುಗುತ್ತಾರೆ. ಅತ್ತು ಊದಿದ ಮುಖದ ತುಂಬ ನಗು.

“ಇವತ್ತು ಹೋಗುವಾಗ ನೋಡಿದ್ರಲ್ಲಾ ಸಾರ್? ಒಂದು ಸಲನೂ ತಿರುಗಿ ನೋಡ್ಲಿಲ್ಲ ನಮ್ಮ ಹುಡುಗಿ!”