ಸಿಟ್ಟಿಲ್ಲದ ಹುಂಜ

ನಮ್ಮ ಮೊದಲ ಹುಂಜ ಪಕ್ಕದ ಮನೆಯ ಮಗುವಿನ ಕಣ್ಣಿನ ಕೆಳಗೆ ಗೀರಿಬಿಟ್ಟಿತು. ಅರ್ಧ ಬೆರಳು ಮೇಲಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ನಮ್ಮ ಗಲ್ಲಿಯಲ್ಲಿ ಎರಡು ಸೈಕಲ್ಲು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಅಂಥ ಕಡೆ ಮೈಮೇಲೆ ಬರುವ ಕೋಳಿ ಸಾಕಿದರೆ ಯಾರು ಸುಮ್ಮನಿರುತ್ತಾರೆ? ಕೋಳಿ ತೆಗೆಯಿರಿ, ಇಲ್ಲವೇ ಮನೆ ಬಿಡಿ ಎಂದು ಮಗುವಿನ ತಾಯಿ ನಮ್ಮ ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ಕೂಗಾಡಿ ಹೋದಳು. ಸಂಜೆಗೆ ಆ ಹುಂಜ ನಮ್ಮ ಒಲೆಯ ಮೇಲಿತ್ತು.

ಆದರೆ ಕೋಳಿ ಬಿಡಲು ಮನಸ್ಸಾಗಲಿಲ್ಲ. ನಾವು ಯಾದಗಿರಿ ಕಡೆಯವರು. ನಮ್ಮ ಮನೆಯವರು ಗಚ್ಚಿಬೌಲಿಯ ದೊಡ್ಡ ಕಟ್ಟಡಗಳಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುವರು, ನಾನು ಮನೆಯಲ್ಲೇ ಬಟ್ಟೆ ಹೊಲಿಯುವೆ. ಹಿತ್ತಲಿನ ಆ ತುಂಡು ಜಾಗದಲ್ಲಿ ಕೋಳಿ ಕೆದರುವ ಸದ್ದು ಕೇಳದಿದ್ದರೆ ನನಗೆ ಹೊತ್ತೇ ಹೋಗದು. ಸಿಟ್ಟಿಲ್ಲದ ಕೋಳಿಯ ತಳಿಯನ್ನೇ ಮಾಡುತ್ತೇನೆ ಎಂದು ಹಠ ಹಿಡಿದೆ. ಪರಿಚಯದವರಿಂದ ಒಂದು ಅಸೀಲ್ ಹುಂಜ ತಂದು ನಮ್ಮ ನಾಟಿ ಹೇಂಟೆಗಳ ಜೊತೆ ಬಿಟ್ಟೆ. ಅಸೀಲ್ ಎಂದರೆ ಕಾಳಗದ ಜಾತಿ. ಎತ್ತರದ ಆಳು, ಅಗಲ ಎದೆ, ಮೂಗಿನ ತುದಿಯಲ್ಲೇ ಕೋಪ. ಮೈ ಅಪ್ಪನದು ಬರಲಿ, ಗುಣ ಅವ್ವನದು ಬರಲಿ ಎಂಬುದು ನನ್ನ ಆಸೆ. ಅಯ್ಯೋ, ಅದೇನು ಹೊಲಿಗೆ ಕೆಲಸವೇ, ಬೇಕಾದ ತೋಳನ್ನು ಬೇಕಾದ ಅಂಗಿಗೆ ಹಚ್ಚಲಿಕ್ಕೆ? ನೋಡಲು ಚೆಂದ ಇದ್ದವೆಲ್ಲ ಜಗಳಗಂಟಿಗಳು. ಸಾಧುಗಳಿಗೆಲ್ಲ ಸೊಟ್ಟ ಬೆರಳು, ಬಡಕಲು ಎದೆ.

ಸಂಜೆ ಗೂಡಿಗೆ ಕೈ ಹಾಕಿ ಒಂದೊಂದನ್ನೂ ಸವರುತ್ತಿದ್ದೆ. ಕುಕ್ಕಿದ್ದು ಅಡುಗೆಗೆ, ಸುಮ್ಮನಿದ್ದದ್ದು ಮುಂದಿನ ಮರಿಗಳಿಗೆ. ಚೆಂದದ್ದರ ಹತ್ತಿರ ಕೈ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಇದೂ ಕುಕ್ಕಿಬಿಟ್ಟರೆ ಏನು ಗತಿ ಎಂದು.

"ಕೋಳಿಗೆ ವರಾ ನೋಡಾಕತ್ತೀಯೇನವಾ? ನಿನ್ನ ತರೂವಾಗ ನಾ ಇಷ್ಟು ನೋಡಿದ್ದಿಲ್ಲ," ಎಂದು ಅತ್ತೆ ಅಣಕಿಸುವರು.

ಅಂತೂ ಕೆಲವು ವರ್ಷಕ್ಕೆ ಒಂದು ಹುಟ್ಟಿತು. ಕೆಂಪು ಮೈ, ಹಳದಿ ಕಾಲು, ನೆಟ್ಟಗಿನ ಬೆರಳು. ಪಟಾಕಿಗೂ ಬೆಚ್ಚದು, ನಾಯಿಗೂ ಬೆಚ್ಚದು. ಗೀರು ತಿಂದ ಆ ಮಗುವೇ ಅದನ್ನು ಅಪ್ಪಿಕೊಂಡು ಗಲ್ಲಿಯೆಲ್ಲ ತಿರುಗುತ್ತಿತ್ತು. ಆದರೆ ಬೇಸಿಗೆಯ ಬಿಸಿಲಿಗೆ ಹೇಂಟೆಗಳು ಕಾವಿಗೆ ಕೂರುವುದನ್ನೇ ಬಿಟ್ಟಿದ್ದವು. ಮಳೆ ಬೀಳಲಿ, ಇದರ ಮರಿ ಮಾಡಿಸೋಣ ಎಂದು ಕಾಯುತ್ತಿದ್ದೆ. ಮರಿಯಾಗುವ ಮೊದಲು ಇದಕ್ಕೇನಾದರೂ ಆದರೆ ಇಷ್ಟು ವರ್ಷದ್ದೆಲ್ಲ ನೀರಲ್ಲಿ ಹೋಮ. ಬೆಕ್ಕು ಕಂಡರೆ ಸಾಕು, ಹೊಲಿಗೆ ಬಿಟ್ಟು ಓಡುತ್ತಿದ್ದೆ.

ಆ ಬೇಸಿಗೆಗೆ ಮೊದಲಿನ ಚಳಿಯಲ್ಲಿ ನಮ್ಮ ಮನೆಯವರು ಕಟ್ಟಡದ ಸಾರುವೆಯಿಂದ ಜಾರಿ ಬಿದ್ದಿದ್ದರು. ತೊಡೆಗೆ ರಾಡು ಹಾಕಿದರು. ಎಲುಬು ಕೂಡಿತು, ನಡೆಯಬಹುದು ಎಂದು ಡಾಕ್ಟರು ಹೇಳಿದರೂ ಇವರ ಧೈರ್ಯ ಕೂಡಲಿಲ್ಲ. ಕೋಲು ಬಿಟ್ಟರೆ ಬೆವರುವರು. ಕಡೆಗೆ ಅತ್ತೆ ಗಲ್ಲಿಯ ಬೇವಿನ ಮರದಡಿಯ ಪೋಚಮ್ಮ ದೇವಿಗೆ ಹರಕೆ ಹೊತ್ತರು. ಮಗ ಕೋಲಿಲ್ಲದೆ ನಡೆದರೆ ಆಷಾಢದ ಬೋನಾಲು ಹಬ್ಬಕ್ಕೆ ಮನೆಯಲ್ಲೇ ಬೆಳೆದ, ಊನವಿಲ್ಲದ ಹುಂಜ ಬಲಿ ಕೊಡುತ್ತೇನೆ ಎಂದು. ಹರಕೆ ಹೊತ್ತ ಕೆಲವೇ ದಿನಕ್ಕೆ ಇವರು ಕೋಲು ಬಿಟ್ಟು ಅಂಗಳ ದಾಟಿದರು. ನಾನೂ ಅತ್ತೆಯೂ ತಬ್ಬಿಕೊಂಡು ಅತ್ತೆವು. ಆಮೇಲೆ ಗೂಡಿನ ಹುಂಜಗಳನ್ನು ಒಂದೊಂದಾಗಿ ನೋಡಿದೆ. ಊನವಿಲ್ಲದ್ದು ನಮ್ಮ ಹಿತ್ತಲಲ್ಲಿ ಒಂದೇ ಇತ್ತು.

"ಬಜಾರದಾಗ ಇದಕ್ಕಿಂತ ದೊಡ್ಡದು ಸಿಗತೈತ್ರಿ ಅತ್ತಿ, ನಾ ತರ್ತೀನಿ," ಅಂದೆ.

"ಕೊಂಡು ತಂದಿದ್ದು ಕೊಟ್ರ ಹರಕಿ ಮುಟ್ಟಂಗಿಲ್ಲವಾ. ನನ್ನ ಮಗನ ಕಾಲಿಗಿಂತ ನಿನಗ ಕೋಳಿ ಹೆಚ್ಚಾತೇನು?"

ಬೆಳಗೆದ್ದು ಯಾವುದಾದರೂ ಹೇಂಟೆ ಕಾವಿಗೆ ಕೂತಿದೆಯೇ ಎಂದು ನೋಡುವುದೇ ನನ್ನ ಕೆಲಸವಾಯಿತು. ಹಾಳಾದವು, ಒಂದೂ ಕೂರಲಿಲ್ಲ. ಎತ್ತಿಟ್ಟ ಮೊಟ್ಟೆಗಳು ಸೆಕೆಗೆ ಕೆಟ್ಟವು. ಅಷ್ಟರಲ್ಲಿ ಬೋನಾಲು ಬಂದೇಬಿಟ್ಟಿತು.

ಪೋಚಮ್ಮನ ಮುಂದೆ ಹುಂಜವನ್ನು ನಿಲ್ಲಿಸಿ ಪೂಜಾರಿ ಅದರ ತಲೆಯ ಮೇಲೆ ಅರಿಶಿನದ ನೀರು ಚಿಮುಕಿಸಿದ. ನೀರು ಬಿದ್ದಾಗ ಹುಂಜ ತಲೆ ಕೊಡವಬೇಕು. ಕೊಡವಿದರೆ ಅಮ್ಮ ಒಪ್ಪಿದಳೆಂದು ಅರ್ಥ, ಕೊಡವದಿದ್ದರೆ ಹರಕೆ ಹೊತ್ತ ಮನೆಯಿಂದ ಏನೋ ತಪ್ಪಾಗಿದೆಯೆಂದು. ಬೇರೆ ಕೋಳಿಗಳು ಹನಿ ಬೀಳುವ ಮೊದಲೇ ಒದ್ದಾಡುತ್ತವೆ. ನಮ್ಮದು ಮಿಸುಕಲಿಲ್ಲ. ಕಿವಿಯ ಪಕ್ಕದಲ್ಲೇ ತಮಟೆ ಬಡಿಯುತ್ತಿದ್ದರೂ, ಕೊಕ್ಕಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಸುಮ್ಮನೆ ಕಣ್ಣು ಪಿಳುಕಿಸಿತು.

ಸದ್ಯ, ಬದುಕಿತು ಎಂದು ಒಳಗೊಳಗೇ ಕುಣಿದೆ. ಪೂಜಾರಿ ಮತ್ತೆ ಚಿಮುಕಿಸಿದ. ಆಮೇಲೆ ಚೊಂಬನ್ನೇ ಸುರಿದ. ಊಹೂಂ. ತಮಟೆ ನಿಂತಿತು, ಜನ ಗುಸುಗುಸು ಶುರು ಮಾಡಿದರು. ಅತ್ತೆ ಅಲ್ಲೇ ಕುಸಿದು, "ಯವ್ವಾ, ಏನು ತಪ್ಪಾತು? ನನ್ನ ಮಗನ ಮ್ಯಾಲ ಯಾಕ ಸಿಟ್ಟು?" ಎಂದು ಅಳತೊಡಗಿದರು. ತಿರುಗಿ ನಮ್ಮ ಮನೆಯವರನ್ನು ನೋಡಿದೆ. ಮುಖ ಬಿಳಿಚಿಕೊಂಡಿತ್ತು. ಕೈ ನನ್ನ ಭುಜ ಹುಡುಕುತ್ತಿತ್ತು.

"ಕಾಲಾಗ ಜೀವಾನ ಇಲ್ಲದಂಗ ಆಗಾಕತ್ತೈತಿ ನೋಡ," ಅಂದರು.

ದೇವಿಗೆ ಯಾವ ಸಿಟ್ಟೂ ಇಲ್ಲ, ಇದಕ್ಕೆ ಬೆಚ್ಚುವ ಗುಣವೇ ಇಲ್ಲದಂತೆ ನಾನೇ ಮಾಡಿದ್ದು ಎಂದು ಕೂಗಿ ಹೇಳಬೇಕೆನ್ನಿಸಿತು. ಯಾರು ನಂಬುತ್ತಿದ್ದರು? ಇವರು ನಂಬಿದರೂ ಇವರ ಕಾಲು ನಂಬುತ್ತಿತ್ತೇ? ಅದನ್ನು ನೆಲಕ್ಕೆ ಊರಿಸಿದ್ದೇ ಆ ಹರಕೆ. ನನ್ನ ಭುಜದ ಮೇಲೆ ಅವರ ಭಾರ ಹೆಚ್ಚುತ್ತಲೇ ಇತ್ತು.

ಮರಿಯಿದ್ದಾಗಿನಿಂದ ಆ ಹುಂಜದ ಮೈ ಒರೆಸಿ, ಕಿವಿಯಲ್ಲಿ ಕೂತ ಧೂಳನ್ನು ಊದಿ ತೆಗೆಯುತ್ತಿದ್ದವಳು ನಾನು. ಊದಿದಾಗ ಮಾತ್ರ ಅದಕ್ಕೆ ಅಲುಗದೆ ಇರಲು ಆಗುತ್ತಿರಲಿಲ್ಲ. ನಮ್ಮ ಮನೆಯವರ ಕೈಯನ್ನು ಬೇವಿನ ಕಾಂಡಕ್ಕೆ ಆನಿಸಿ, ಅಮ್ಮನಿಗೆ ನಮಸ್ಕಾರ ಮಾಡುವವಳಂತೆ ಮೊಣಕಾಲೂರಿ ಬಾಗಿದೆ. ಹುಂಜ ನನ್ನ ಗುರುತು ಹಿಡಿದು ಕತ್ತು ಚಾಚಿತು, ಎಂದಿನಂತೆ ತಾನಾಗಿಯೇ ಕಿವಿ ನನ್ನ ಕಡೆ ತಿರುಗಿಸಿತು. ನಾನು ಊದಿದೆ.

ನೀರೆಲ್ಲ ನನ್ನ ಮುಖಕ್ಕೆ ಸಿಡಿಯುವಂತೆ ತಲೆ ಕೊಡವಿತು. ಜನ ಹೋ ಎಂದರು, ತಮಟೆ ಮತ್ತೆ ಎದ್ದಿತು. ಮುಂದಿನದನ್ನು ನಾನು ನೋಡಲಿಲ್ಲ.

ಮನೆಗೆ ಬರುವಾಗ ನಮ್ಮ ಮನೆಯವರು ಎಲ್ಲರಿಗಿಂತ ಮುಂದೆ, ಕೈ ಬೀಸಿಕೊಂಡು ನಡೆದರು. ಅತ್ತೆ ನನ್ನ ಕೆನ್ನೆ ಸವರಿದರು.

"ಎಂಥಾ ಹುಂಜ ಬೆಳಿಸಿದ್ಯವಾ! ಅವ್ವಗ ಭಾಳ ಮನಸ್ಸಿಗೆ ಬಂತು. ಬರೂ ವರ್ಷಕ್ಕೂ ಇಂಥಾದ್ದೇ ಒಂದು ಮಾಡು."

"ಹೂನ್ರಿ ಅತ್ತಿ," ಅಂದೆ. ಅವರ ಮಗ ಕೋಲಿಲ್ಲದೆ ನಡೆಯುತ್ತಲೇ ಇದ್ದರು.