ಅಕ್ಕನ ಕಿವಿ, ನಮ್ಮ ಮನೆಯ ಪ್ಲೇಯರ್

ಹಳೆಯ ರೆಕಾರ್ಡ್ ಅಂಗಡಿಗೆ ಒಬ್ಬಳೇ ಹೋಗುವುದೆಂದರೆ ಒಬ್ಬಳೇ ಕೂತು ಹೋಳಿಗೆ ತಿಂದ ಹಾಗೆ. ಹೊಟ್ಟೆ ತುಂಬುತ್ತದೆ, ಅಷ್ಟೇ. "ಇಲ್ನೋಡೇ, ಇದನ್ನ ನೋಡೇ" ಎಂದು ಪಕ್ಕೆಗೆ ತಿವಿಯುವವರೊಬ್ಬರು ಬೇಕು. ನನ್ನನ್ನು ತಿವಿಯುವವಳು ನನ್ನ ಅಕ್ಕ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತಳಾದ ಮೇಲೆ ಅವಳು ಕ್ರೋಂಪೇಟೆಯಲ್ಲಿದ್ದಾಳೆ. ನಾನು ವೆಸ್ಟ್ ಮಾಂಬಲಂನಲ್ಲಿ. ತಿಂಗಳಿಗೊಂದು ಶನಿವಾರ ಅವಳು ಲೋಕಲ್ ಟ್ರೈನಿನಲ್ಲಿ ಬಂದಿಳಿಯುತ್ತಾಳೆ, ಇಬ್ಬರೂ ಆಟೋ ಹತ್ತಿ ಅಂಗಡಿಗೆ ಹೋಗುತ್ತೇವೆ.

ಅಂಗಡಿ ಎಂದರೆ ಮಹಡಿಯ ಮೇಲಿನ ಒಂದೇ ಕೋಣೆ. ಒಳಗೆ ಕಾಲಿಟ್ಟರೆ ಹಳೆಯ ರಟ್ಟಿನ ವಾಸನೆ. ನಾನು ಕವರಿನ ಚಿತ್ರ ನೋಡಿಯೇ ಮರುಳಾಗುವವಳು. ಅಕ್ಕ ಹಾಗಲ್ಲ, ರೆಕಾರ್ಡನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಗೀರು ಹುಡುಕುತ್ತಾಳೆ, ಹೆಣ್ಣು ನೋಡಲು ಬಂದ ಸೋದರತ್ತೆಯ ಹಾಗೆ. ಪಕ್ಕದಲ್ಲಿ ಹುಡುಕುತ್ತಿರುವ ಅಪರಿಚಿತರಿಗೂ ಅವಳ ಸಲಹೆ ಪುಕ್ಕಟೆ. ಅಂಗಡಿಯವನು ಒಂದನ್ನು ಹಾಕಿದರೆ ಎಲ್ಲರೂ ಕೈ ನಿಲ್ಲಿಸಿ ಕೇಳುತ್ತಾರೆ. ಭಾಷೆ ಗೊತ್ತಿಲ್ಲದವರೂ ತಲೆದೂಗುತ್ತಾರೆ. ನಮ್ಮಿಬ್ಬರದೇ ಒಂದು ಕಟ್ಟಳೆಯೂ ಉಂಟು: ಯಾರು ಕೊಂಡರೂ ಸರಿ, ಆ ರೆಕಾರ್ಡನ್ನು ಮೊದಲು ಕೇಳುವುದು ಇನ್ನೊಬ್ಬಳ ಮನೆಯಲ್ಲಿ.

ಹೋದ ವರ್ಷದಿಂದ ಅಕ್ಕನ ಬಾಯಲ್ಲಿ "ಏನಂದೆ?" ಹೆಚ್ಚಾಯಿತು. ಪೋರೂರಿನ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಎರಡೂ ಕಿವಿಗೆ ಮಶೀನು ಬಂತು. ಮಾತು ಚೆನ್ನಾಗಿ ಕೇಳುತ್ತದೆ, ಸಂಗೀತ ಮಾತ್ರ ಮೊದಲಿನಂತೆ ಕೇಳಿಸದೆಯೂ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದರು. ಬೇರೆ ಯಾರ ಮಾತಿಗೂ ಕಿವಿಗೊಡದ ನಮ್ಮಕ್ಕ ಆ ಒಂದು ಮಾತನ್ನು ಮಾತ್ರ ಭದ್ರವಾಗಿ ಹಿಡಿದುಕೊಂಡಳು. ಆಮೇಲೆ ಶನಿವಾರ ಬಂದರೆ ಮೊಣಕಾಲು ನೋವು, ಇಲ್ಲವೇ ಮನೆಗೆ ನೆಂಟರು. ಹಾಡು ಹಾಕಿ ನೋಡುವ ಧೈರ್ಯ ಅವಳಿಗಿಲ್ಲ ಎಂಬುದು ನನಗೆ ಗೊತ್ತಿತ್ತು. ನನಗೂ ಭಯವೇ. ಅವಳ ಹಾಡು ಹೋದರೆ ಅರ್ಧ ನನ್ನದೂ ಹೋದಂತೆ.

ಕೊನೆಗೆ ಜಗಳವಾಡಿಯೇ ಹೊರಡಿಸಿದೆ. ಅಂಗಡಿ ಸೇರಿದರೆ ಕರೆಂಟಿಲ್ಲ. ಅಕ್ಕ ಕಿಟಕಿಯ ಬಳಿ ಕೂತು ಹುಡುಕಿದವಳು ಒಂದು ಚಿಕ್ಕ ರೆಕಾರ್ಡನ್ನು ಎದೆಗೊತ್ತಿಕೊಂಡು ಎದ್ದಳು. ಕನ್ನಡದ ಭಾವಗೀತೆಗಳು, ಹೆಣ್ಣು ದನಿ. ಮೈಸೂರಿನ ಮನೆಯಲ್ಲಿ ನಮ್ಮಮ್ಮನ ಬಳಿ ಇದ್ದದ್ದು, ನಾವಿಬ್ಬರೂ ಕಿತ್ತಾಡಿ ಮುರಿದದ್ದು. ಬೇರೆ ದಿನವಾಗಿದ್ದರೆ ಅಂಗಡಿಯವನು ಹಾಕಿ ಕೇಳಿಸದೆ ಕೊಡುತ್ತಿರಲಿಲ್ಲ. ಅವತ್ತು "ಕರೆಂಟ್ ಇಲ್ಲಮ್ಮಾ, ವೀಟ್ಲ ಪೋಟ್ಟು ಪಾರುಂಗ" ಎಂದ, ಮನೆಯಲ್ಲೇ ಹಾಕಿ ನೋಡಿ ಎಂದು. ನಾಲ್ಕು ಜನರ ಎದುರು ಪರೀಕ್ಷೆ ತಪ್ಪಿತೆಂದು ಅಕ್ಕನ ಮುಖ ಸಡಿಲವಾಯಿತು.

ಅವಳು ಕೊಂಡದ್ದು, ಹಾಗಾಗಿ ಕಟ್ಟಳೆಯಂತೆ ನಮ್ಮ ಮನೆಗೆ ಬಂದೆವು. ನಾನು ದೋಸೆಗೆ ಚಟ್ನಿ ರುಬ್ಬಲು ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಮಿಕ್ಸಿ ತಿರುಗಿಸಿದೆ. ನಿಲ್ಲಿಸಿ ಹೊರಗೆ ಬಂದರೆ ಅಕ್ಕ ಸೋಫಾದ ಅಂಚಿನಲ್ಲಿ ಕೂತಿದ್ದಾಳೆ. ಪ್ಲೇಯರಿನ ಮುಚ್ಚಳ ತೆರೆದಿದೆ, ಮುಳ್ಳು ಮೇಲಕ್ಕೆತ್ತಿದೆ. ಕಿವಿಯ ಮಶೀನುಗಳು ಅವಳ ಮಡಿಲಲ್ಲಿ. ಕಣ್ಣಲ್ಲಿ ನೀರು.

"ಮುಗೀತು ಕಣೇ," ಎಂದಳು. "ಆಯಮ್ಮನ ದನಿ ಗಂಡಸಿನ ಥರ ಕೇಳ್ತಿದೆ. ಎಳೆದೆಳೆದು, ನರಳಿದ ಹಾಗೆ. ನಂಗೆ ಇನ್ನು ಹಾಡು ಬೇಡ. ಇದನ್ನ ನೀನೇ ಇಟ್ಕೋ."

ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಒಳಕೋಣೆಯಿಂದ ನನ್ನ ಮಗಳು ಬಂದಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ತಮಿಳಿನಲ್ಲಿ.

"ದೊಡ್ಡಮ್ಮಾ, ಇಪ್ಪೊ ಯಾರು ಪಾಡಿನಾಂಗ? ಪೇಯ್ ಮಾದಿರಿ ಇರುಂದುದು!" ಎಂದಳು. ದೆವ್ವ ಹಾಡಿದ ಹಾಗಿತ್ತಂತೆ.

ಅಕ್ಕನಿಗೆ ಕೇಳಿಸಲಿಲ್ಲ. ಮಶೀನುಗಳನ್ನು ನಾನೇ ಅವಳ ಕೈಗಿಟ್ಟು ಹಾಕಿಕೊಳ್ಳೆಂದೆ. ಮಗಳು ಇನ್ನೊಮ್ಮೆ ಹೇಳಿದಳು.

"ನಿಂಗೂ ಹಾಗೇ ಕೇಳಿಸ್ತಾ ಪುಟ್ಟಾ?" ಎಂದು ಅಕ್ಕ ಅವಳ ಕೈ ಹಿಡಿದುಕೊಂಡಳು.

ನಾನು ಪ್ಲೇಯರಿನ ಹತ್ತಿರ ಓಡಿದೆ. ಅಕ್ಕನ ಮನೆಯ ಪ್ಲೇಯರ್ ಚಿಕ್ಕ ರೆಕಾರ್ಡ್ ಇಟ್ಟರೆ ತಾನೇ ವೇಗ ಹೆಚ್ಚಿಸಿಕೊಳ್ಳುತ್ತದೆ. ನಮ್ಮದಕ್ಕೆ ಆ ಬುದ್ಧಿಯಿಲ್ಲ. ಪಕ್ಕದ ಗುಂಡಿಯನ್ನು ಕೈಯಲ್ಲೇ ತಿರುಗಿಸಬೇಕು. ಗುಂಡಿ ನಾನು ಹಿಂದಿನ ದಿನ ಕೇಳಿದ ದೊಡ್ಡ ರೆಕಾರ್ಡಿನ ನಿಧಾನ ವೇಗದಲ್ಲೇ ಕೂತಿತ್ತು. ನಮ್ಮ ಮನೆಯಲ್ಲಿ ಯಾವಾಗಲೂ ನಾನೇ ಹಾಕುತ್ತಿದ್ದುದರಿಂದ ಅಕ್ಕನಿಗೆ ಅದು ಗೊತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಕ್ಕನದು ಉಲ್ಟಾ, ನೆಲವೇ ಡೊಂಕಾಗಿದ್ದಾಗ ತನ್ನ ಕಾಲನ್ನು ಬೈದುಕೊಂಡು ಕೂತಿದ್ದಳು.

ಗುಂಡಿ ತಿರುಗಿಸಿ ಮುಳ್ಳನ್ನು ಇಳಿಸಿದೆ. ಒಂದಿಷ್ಟು ಚಿಟಪಟ, ಆಮೇಲೆ ಆ ದನಿ, ಅಮ್ಮನ ನಡುಮನೆಯಲ್ಲಿ ಕೇಳಿದ್ದೇ ದನಿ. ಅಕ್ಕ ಕಣ್ಣು ಮುಚ್ಚಿಕೊಂಡಳು. ಅವಳ ಬೆರಳುಗಳು ಮಂಡಿಯ ಮೇಲೆ ತಾಳ ಹಾಕತೊಡಗಿದ್ದನ್ನು ನೋಡಿ ನನಗೆ ಹೋದ ಜೀವ ಬಂದ ಹಾಗಾಯಿತು. ಅಲ್ಲೇ ನೆಲದ ಮೇಲೆ ಕೂತೆ. ಅಳುವೂ ನಗುವೂ ಒಟ್ಟಿಗೇ ಬಂದವು.

ಹಾಡು ಮುಗಿಯಿತು. ಇನ್ನೊಂದು ಬದಿ ಹಾಕಲು ನಾನು ಏಳುತ್ತಿದ್ದಂತೆ ಅಕ್ಕ ತಡೆದಳು.

"ತಾಳೇ. ಮೊದಲು ಹಾಕಿದ್ನಲ್ಲ, ಆ ದೆವ್ವದ ಸ್ಪೀಡಲ್ಲಿ ಇನ್ನೊಂದ್ಸಲ ಹಾಕು," ಎಂದಳು. "ಅದನ್ನ ನಾನು ಸರಿಯಾಗೇ ಕೇಳಿಸ್ಕೊಂಡಿದ್ದೆ."