ಆ ತೋಟದ ವೈನು ಕೆಟ್ಟ ವರ್ಷ

ಮಲ್ಲಂದೂರಿನ ಮೇಲಿನ ಎಸ್ಟೇಟೊಂದರಲ್ಲಿ ನಾನು ದೊರೆಯ ಬಂಗಲೆಗೆ ಬಟ್ಲರನಾಗಿದ್ದೆ. ಅಲ್ಲಿಯ ಅಡಿಗೆ ನನ್ನ ಮಾವನದು, ಅಂದರೆ ಹೆಂಡತಿಯ ತಂದೆಯದು. ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ. ಮಗಳನ್ನು ಕೊಡುವ ಮುಂಚೆ ಅವರು ನನ್ನನ್ನು ಕೇಳಿದ್ದು ಒಂದೇ ಮಾತು. "ದೊರೆಗಳ ಬಾಟ್ಲಿ ಹಿಡಿಯೋ ಕೆಲಸ ನಿಂದು. ಒಂದು ಹನಿಯಾದ್ರೂ ಬಾಯಿಗೆ ಬಿಟ್ಕೊಂಡಿದ್ದೀಯಾ ಮಾರಾಯ? ನಿಜ ಹೇಳು." ಇಲ್ಲ ಎಂದೆ. ಅವತ್ತಿಗೆ ಅದು ನಿಜವೇ ಆಗಿತ್ತು.

ಆಮೇಲೆ ಕೆಟ್ಟೆ. ಯಾರೂ ಕೆಡಿಸಲಿಲ್ಲ, ನಾನೇ ಕೆಟ್ಟೆ. ಭಾನುವಾರ ಮಧ್ಯಾಹ್ನದ ಊಟಕ್ಕೆ ದೊರೆ ಒಂದು ಬಾಟಲಿ ಕೆಂಪು ವೈನು ತೆಗೆಸುತ್ತಿದ್ದರು. ಅವರ ಅಪ್ಪನ ಕಾಲದಿಂದಲೂ ಫ್ರಾನ್ಸ್ ದೇಶದ ಒಂದೇ ದ್ರಾಕ್ಷಿ ತೋಟದ ಮಾಲು. ಹಡಗಿನಲ್ಲಿ ಮಂಗಳೂರಿಗೆ ಬಂದು, ಘಾಟಿ ಹತ್ತಿ, ಕೊನೆಗೆ ಎತ್ತಿನ ಗಾಡಿಯಲ್ಲಿ ಹುಲ್ಲಿನ ನಡುವೆ ಮಲಗಿ ಬಂಗಲೆ ಸೇರುತ್ತಿತ್ತು. ಬಾಟಲಿಯ ಮೇಲಿನ ಚೀಟಿಯಲ್ಲಿ ಒಂದು ಗುಡ್ಡ, ಗುಡ್ಡದ ಮೇಲೊಂದು ಮನೆ. ಅಕ್ಷರ ಓದಲು ಬಾರದಿದ್ದರೂ ಆ ಮನೆ ನನಗೆ ಪಕ್ಕದ ಅತ್ತಿಗುಂಡಿ ಊರಿನಷ್ಟೇ ಪರಿಚಯವಾಗಿಬಿಟ್ಟಿತ್ತು. ಒಂದು ದಿನ ಗ್ಲಾಸು ತೊಳೆಯುವಾಗ ತಳದಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡೆ. ಯಾ ಅಲ್ಲಾ! ಮೊದಲು ಒಗರು, ಆಮೇಲೆ ಕಳಿತ ನೇರಳೆಹಣ್ಣಿನಂಥದ್ದೇನೋ ಬಾಯಿ ತುಂಬಿ, ನುಂಗಿದ ಮೇಲೂ ಎಷ್ಟೋ ಹೊತ್ತು ಗಂಟಲಲ್ಲೇ ಕೂತಿತ್ತು. ಅಲ್ಲಿಂದ ಹನ್ನೊಂದು ವರ್ಷ ನಾನು ಭಾನುವಾರಕ್ಕಾಗಿ ಕಾಯುತ್ತಿದ್ದೆ, ಏಲಕ್ಕಿ ಅಗಿದುಕೊಂಡು ಮಾವನ ಮುಂದೆ ಹೋಗುತ್ತಿದ್ದೆ. ನಾಚಿಕೆಯಾಗುತ್ತಿತ್ತೇ ಎಂದರೆ ಆಗುತ್ತಿತ್ತು. ಬಿಟ್ಟೆನೇ ಎಂದರೆ ಇಲ್ಲ.

ಯುದ್ಧ ಶುರುವಾದ ವರ್ಷ, ಇನ್ನು ಹಡಗು ಬರುವುದು ಅನುಮಾನ ಎನ್ನುವಾಗ, ಕಡೆಯ ಪೆಟ್ಟಿಗೆಗಳು ಬಂದವು. ಹೊಸ ಪೆಟ್ಟಿಗೆಯ ಮೊದಲ ಬಾಟಲಿ ತೆಗೆದ ಭಾನುವಾರ ದೊರೆಗೆ ಜೋರು ನೆಗಡಿ. ಮೂಗು ಕಟ್ಟಿದ್ದರಿಂದ ರುಚಿ ತಿಳಿಯದೆ ಅರ್ಧ ಗ್ಲಾಸು ಉಳಿಸಿ ಎದ್ದರು. ನನಗೋ ಹಬ್ಬ! ಪ್ಯಾಂಟ್ರಿಯ ಬಾಗಿಲು ಮುಂದೆ ಮಾಡಿ ಒಂದು ಗುಟುಕು ಎಳೆದೆ.

ಹುಳಿ. ಬರೀ ಹುಳಿ, ಅದರ ಹಿಂದೆ ನೀರು ನೀರು. ಗಂಟಲಲ್ಲಿ ಏನೂ ಉಳಿಯಲಿಲ್ಲ. ಚೀಟಿ ನೋಡಿದೆ, ಅದೇ ಗುಡ್ಡ, ಅದೇ ಮನೆ. ಇನ್ನೊಂದು ಗುಟುಕು ಕುಡಿದೆ, ಅದೂ ಹಾಗೇ. ನಗಬೇಡಿ, ನನಗೆ ಅಳುವೇ ಬಂತು. ಆಮೇಲೆ ಮೈ ಉರಿಯಿತು. ಮೋಡ ಕಂಡ ಕೂಡಲೇ ಅರೆಬರೆ ಒಣಗಿದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಮೂಟೆಗೆ ತುಂಬಿ ಮುಗ್ಗು ಹಿಡಿಸುವ ಮೇಸ್ತ್ರಿಗಳನ್ನು ನಾನು ನೋಡಿದವನು. ಆ ದ್ರಾಕ್ಷಿ ತೋಟದಲ್ಲೂ ಅಂಥವನೊಬ್ಬ ಸೇರಿಕೊಂಡಿರಬೇಕು, ಅವನ ಕೈ ಸೇದಿಹೋಗ ಎಂದು ಬೈದೆ. ಆದರೆ ಯಾರ ಹತ್ತಿರ ಹೇಳಿಕೊಳ್ಳಲಿ? ದೊರೆಗೆ ಹೇಳಿದರೆ ಕಳ್ಳ, ಮಾವನಿಗೆ ಹೇಳಿದರೆ ಕುಡುಕ. ಮುಂದಿನ ಭಾನುವಾರ ಮೂಡಿಗೆರೆ ಕಡೆಯಿಂದ ಇಬ್ಬರು ದೊರೆಗಳು ಊಟಕ್ಕೆ ಬರುವವರಿದ್ದರು. "ಈ ಸಲದ್ದರ ಬಣ್ಣ ಯಾಕೋ ತೆಳು ಕಾಣ್ತದೆ ದೊರೆಗಳೇ" ಎಂದು ಎರಡು ಸಲ ಸುಳಿವು ಕೊಟ್ಟೆ. "ಬಣ್ಣ ನೋಡೋದು ನನ್ನ ಕೆಲಸ" ಎಂದರು. ವಾರವಿಡೀ ಬಾಯಿಗೆ ಬೀಗ ಹಾಕಿಕೊಂಡು ಸತ್ತೆ.

ಊಟಕ್ಕೆ ಒಂದು ಗಂಟೆ ಮುಂಚೆ ಬಾಟಲಿ ತೆಗೆದು, ವೈನನ್ನು ಗಾಜಿನ ಹೂಜಿಗೆ ಸುರಿದು, ಅಡಿಗೆಮನೆಗೆ ತಗುಲಿದ ಕಟ್ಟೆಯ ಮೇಲಿಡುವುದು ನಮ್ಮ ಬಂಗಲೆಯ ಪದ್ಧತಿ. ಅವತ್ತೂ ಹಾಗೇ ಇಟ್ಟು, ನಾನು ದೊರೆಸಾನಿಯ ಕಣ್ಣೆದುರೇ ಮೇಜು ಜೋಡಿಸುತ್ತಿದ್ದೆ. ಎಲ್ಲರೂ ಕೂತರು. ದೊರೆ ಒಂದು ಗುಟುಕು ಕುಡಿದವರು ಗ್ಲಾಸನ್ನು ಹಾಗೇ ಕೆಳಗಿಟ್ಟರು.

"ಅಡಿಗೆಯವನನ್ನು ಕರಿ."

ಮಾವ ಮಸಾಲೆಯ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು.

"ಕುಡಿದು ನೀರು ತುಂಬಿಸಿದ್ದೀಯ. ಆ ತೋಟದವರು ನನ್ನ ಅಪ್ಪನ ಕಾಲದಿಂದ ಒಂದು ಸಲವೂ ತಪ್ಪಲಿಲ್ಲ. ಹೂಜಿಯ ಹತ್ತಿರ ನೀನು ಒಬ್ಬನೇ ಇದ್ದದ್ದು."

"ಮುಟ್ಟೋದೇ ಹರಾಮು ದೊರೆಗಳೇ," ಎಂದರು ಮಾವ. "ನಾನ್ಯಾಕೆ ಅದಕ್ಕೆ ನೀರು ಹಾಕ್ಲಿ?"

"ನಾಳೆ ಬೆಳಿಗ್ಗೆ ಗಂಟು ಕಟ್ಟು."

ಅರವತ್ತು ದಾಟಿದ ಮನುಷ್ಯ. ಬಂದ ದೊರೆಗಳಿಬ್ಬರೂ ಕೇಳಿಸಿಕೊಳ್ಳುತ್ತ ಕೂತಿದ್ದಾರೆ, ಅಂದಮೇಲೆ ಚಿಕ್ಕಮಗಳೂರಿನಿಂದ ಕಳಸದವರೆಗೆ ಯಾವ ಬಂಗಲೆಯಲ್ಲೂ ಇನ್ನು ಅವರಿಗೆ ಒಲೆ ಸಿಗುವುದಿಲ್ಲ. ಕೆಲಸ ಹೋಗುವುದು ಒಂದು ಕಡೆಗಿರಲಿ, ಕುಡುಕ ಎಂಬ ಹೆಸರು ಹೊತ್ತು ಮಸೀದಿಗೆ ಹೇಗೆ ಹೋಗಿಯಾರು?

"ನೀರಲ್ಲ ದೊರೆಗಳೇ. ವೈನೇ ಕೆಟ್ಟದ್ದು" ಎಂದುಬಿಟ್ಟೆ. "ಪೆಟ್ಟಿಗೆಯದೇ ಹಾಗಿದೆ. ಇನ್ನೊಂದು ಬಾಟಲಿ ಇಲ್ಲೇ ತೆಗೆದು ನೋಡಿ."

"ಇವೇ ಕಡೆಯ ಪೆಟ್ಟಿಗೆಗಳು. ನಿನ್ನ ಮಾತಿಗೆ ಇನ್ನೊಂದು ಯಾಕೆ ತೆಗೀಲಿ? ನಿನಗೆ ಹೇಗೆ ಗೊತ್ತು?"

ಮಾವ ನನ್ನನ್ನೇ ನೋಡುತ್ತಿದ್ದರು. ಆ ಕಣ್ಣಲ್ಲಿ ಎಷ್ಟು ನಂಬಿಕೆ! ಅಳಿಯ ಏನೋ ಕಂಡಿದ್ದಾನೆ, ಹೇಳುತ್ತಾನೆ, ಮಾನ ಉಳಿಸುತ್ತಾನೆ ಎಂಬ ನಂಬಿಕೆ. ಆ ಮುಖ ನೋಡಿಕೊಂಡು ಹೇಳಲಾಗದೆ ನೆಲ ನೋಡಿದೆ.

"ಹೋದ ವಾರ ಕುಡಿದಿದ್ದೇನೆ. ಹನ್ನೊಂದು ವರ್ಷದಿಂದ ನಿಮ್ಮ ಗ್ಲಾಸಿನಲ್ಲಿ ಉಳಿದದ್ದನ್ನು ಕುಡಿಯುತ್ತಿದ್ದೇನೆ. ಹಳೆಯದು ಗಂಟಲಲ್ಲಿ ನಿಲ್ಲುತ್ತಿತ್ತು. ಇದು ನಿಲ್ಲುವುದಿಲ್ಲ."

ದೊರೆ ಇನ್ನೊಂದು ಬಾಟಲಿ ತರಲು ಕೈ ಮಾಡಿದರು. ಹೊಸ ಬಾಟಲಿ ಬಂತು. ಅರಗಿನ ಮುದ್ರೆ ಇದ್ದ ಹಾಗೇ ಇತ್ತು. ದೊರೆ ತಾವೇ ಬಿರಡೆ ಕಿತ್ತು, ಸುರಿದು, ಕುಡಿದರು. ಮುಖ ಹಿಂಡಿದರು. ಆಮೇಲೆ ಮೇಜು ಬಡಿದು ಬಡಿದು ನಕ್ಕರು, ಬಂದ ದೊರೆಗಳೂ ನಕ್ಕರು. ಕರಿ ಬಟ್ಲರನಿಗೆ ವೈನಿನ ರುಚಿ ತಿಳಿಯುತ್ತದಂತೆ! ಮಾವನಿಗೆ "ಹೋಗು, ನೀನು ಕೆಲಸ ಮಾಡು" ಎಂದರು. ನನಗೆ ಹೊಸ ಅಪ್ಪಣೆಯಾಯಿತು. ಪೆಟ್ಟಿಗೆಗಳಲ್ಲಿ ಒಂದಾದರೂ ಒಳ್ಳೆಯ ಬಾಟಲಿ ಇರಬಹುದು, ಇನ್ನು ಪ್ರತಿ ಭಾನುವಾರ ಮೇಜಿನ ಮುಂದೆ ನಿಂತು ಮೊದಲ ಗುಟುಕು ನಾನು ಕುಡಿಯಬೇಕು, ಕುಡಿದು ಹೇಳಬೇಕು.

ಬಂದವರು ಹೋದ ಮೇಲೆ ಅಡಿಗೆಮನೆಗೆ ಹೋದೆ. ಮಾವ ಪಾತ್ರೆ ಉಜ್ಜುತ್ತಿದ್ದರು.

"ತಪ್ಪಾಯ್ತು ಮಾವ."

"ನನ್ನ ಹೆಸರು ಉಳಿಸಿದ್ರಿ ಬಟ್ಲರೇ" ಎಂದರು, ತಲೆ ಎತ್ತದೆ. ಅವರು ಒಂದು ದಿನಕ್ಕೂ ನನ್ನನ್ನು ಬಹುವಚನದಲ್ಲಿ ಕರೆದವರಲ್ಲ. ಎರಡೇಟು ಹಾಕಿದ್ದರೆ ಹಾಯಾಗಿರುತ್ತಿತ್ತು.

"ಇನ್ನು ಮುಟ್ಟಲ್ಲ. ಆಣೆ ಮಾಡ್ತೀನಿ. ನಾಳೇನೇ ದೊರೆಗಳಿಗೆ ಆಗಲ್ಲ ಅಂತ ಹೇಳಿಬಿಡ್ತೀನಿ."

"ಹೇಳಿದ್ರೆ ಇಬ್ಬರನ್ನೂ ಹೊರಗೆ ಹಾಕ್ತಾರೆ. ನನ್ನ ಮಗಳು, ಮೊಮ್ಮಕ್ಕಳು ಏನು ತಿನ್ನೋದು?" ಪಾತ್ರೆಯನ್ನು ಬೋರಲು ಹಾಕಿದರು. "ಕುಡೀರಿ."

ಮಗಳಿಗೆ ಅವರು ಹೇಳಲಿಲ್ಲ. ಹೇಳಿದ್ದರೆ ಅವಳಾದರೂ ಬೈದು ಹಗುರ ಮಾಡುತ್ತಿದ್ದಳೇನೋ. ಮಳೆಗಾಲ ಬಂತು, ಕಾಫಿ ಕುಯ್ಲೂ ಮುಗಿಯಿತು, ಒಂದು ಬಾಟಲಿಯೂ ಚೆನ್ನಾಗಿರಲಿಲ್ಲ. ಆ ಹುಳಿಯ ವಾಸನೆ ಬಂದರೇ ಮುಖ ತಿರುಗಿಸಿಕೊಳ್ಳುವ ಹಾಗಾಗಿತ್ತು. ಆದರೂ ಪ್ರತಿ ಭಾನುವಾರ ಬಿಳಿ ಕೋಟು ಹಾಕಿ, ಮೇಜಿನ ಮುಂದೆ ನಿಂತು ಗ್ಲಾಸು ಎತ್ತುತ್ತಿದ್ದೆ. ವೈನಿನ ಮಾತು ಮುಗಿಯದೆ ಊಟ ಬಡಿಸುವ ಹಾಗಿಲ್ಲವಾದ್ದರಿಂದ, ನಾನು ಕುಡಿದು ಮುಗಿಸುವವರೆಗೂ ಮಾವ ಬಿಸಿ ಸೂಪಿನ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲಿ ಕಾಯಬೇಕಾಗುತ್ತಿತ್ತು.